ಕಾತ್ಯಾಯಿನಿ ಕುಡಿಯದ ಟೀ

ಕಾತ್ಯಾಯಿನಿಗೆ ಟೀ ಸೇರುವುದಿಲ್ಲ ಎಂದುಕೊಂಡಿದ್ದೆ. ಸೇರದಿರುವುದು ಬೇರೆ, ಅನುಮಾನ ಬೇರೆ. ಅವಳಿಗಿದ್ದದ್ದು ಅನುಮಾನ.

ಅದು ಕಳೆದ ವರ್ಷ. ಮೈಸೂರಿನಲ್ಲಿ ನರ್ಸಿಂಗ್ ಓದಿ ಈ ಪರದೇಶಕ್ಕೆ ಬಂದ ಅವಳು ರೊಟೊಟೂನ ಎಂಬಲ್ಲಿ ನನ್ನ ಫ್ಲ್ಯಾಟ್‌ಮೇಟ್. ಹತ್ತಿರದ ವೃದ್ಧಾಶ್ರಮವೊಂದರಲ್ಲಿ ಮೂರು ತಿಂಗಳ ಟ್ರಯಲ್ ಮೇಲೆ ಕೆಲಸಕ್ಕೆ ಸೇರಿದ್ದಳು. ಅದು ಕಾಯಂ ಆದರೆ, ಅಜ್ಜಿಯ ಹತ್ತಿರ ಬಿಟ್ಟುಬಂದ ಮಗಳು ಶ್ರೀರಕ್ಷಾಳನ್ನು ಕರೆಸಿಕೊಳ್ಳಬಹುದು. ಬೆಳಿಗ್ಗೆ ಫಿಲ್ಟರಿಗೆ ಕಾಫಿಪುಡಿ ಒತ್ತುವಾಗಲೂ ಅವಳ ಬಾಯಲ್ಲಿ ಅದೇ ಮಾತು.

ಒಂದು ಸಂಜೆ ಹೇಳಿದಳು: “ನೋಡೇ ವಂದನಾ, ಈ ಜನ ಸುಮ್‌ಸುಮ್ನೆ ಟೀ ಕೊಡಲ್ಲ. ಯಾರಾದ್ರೂ ತೀರ್ಕೊಂಡ್ರೆ ಮನೆಯೋರಿಗೆ ಮೊದ್ಲು ಟೀ, ಆಮೇಲೆ ವಿಷಯ. ಅಡುಗೆಯೋನ್ನ ಕೆಲಸದಿಂದ ತೆಗೆದಾಗ್ಲೂ ಮ್ಯಾನೇಜರ್ ಜಾನೆಟ್ ಮೊದ್ಲು ಕೆಟಲ್ ಇಟ್ಲು.”

“ಅವರು ಎಲ್ಲದಕ್ಕೂ ಟೀ ಕುಡೀತಾರೆ ಕಣೇ. ನಾವು ಕಾಫಿಗೆ ಕರೆಯಲ್ವಾ, ಹಾಗೆ.”

“ಕಾಫಿಗೆ ಕರೆದು ನಾವು ಯಾರ ಕೆಲಸಾನೂ ಕಿತ್ಕೊಳಲ್ಲ.”

ಅವಳ ತಲೆಗೆ ಏನಾದರೂ ಹೊಕ್ಕರೆ ಮುಗಿಯಿತು, ಬ್ರಹ್ಮ ಬಂದು ಹೇಳಿದರೂ ಕೇಳುವವಳಲ್ಲ.

ಟ್ರಯಲ್ ಮುಗಿಯುತ್ತ ಬಂದಾಗ ಜಾನೆಟ್ ಒಂದು ದಿನ, “ಕೂತ್ಕೋ, ಒಂದು ಕಪ್ ಟೀ ಮಾಡ್ತೀನಿ” ಎಂದಳಂತೆ. ಇವಳು ಟೀ ಕುಡಿಯುವುದಿಲ್ಲ ಎಂದು ಹೇಳಿ, ಹಾಸಿಗೆ ಬಟ್ಟೆ ಬದಲಿಸುವ ನೆಪದಲ್ಲಿ ಓಡಿದಳು. ಮರುದಿನವೂ ಅದೇ ಕತೆ. ಆಮೇಲಂತೂ ಜಾನೆಟ್ ಕೆಟಲ್ ಮುಟ್ಟಿದರೆ ಸಾಕು, ಇವಳು ಬಾತ್‌ರೂಮಿನಲ್ಲಿ. ಟೀ ಕುಡಿಯದಿದ್ದರೆ ಕೆಲಸ ಹೋಗುವುದಿಲ್ಲವಂತೆ! ನನಗೆ ರೇಗಿತು. ಹೋಗಿ ಏನೂಂತ ಕೇಳೇ ಎಂದು ಚೆನ್ನಾಗಿ ಬೈದೆ. ಕೇಳಲಿಲ್ಲ.

ಕೊನೆಗೊಂದು ದಿನ ಜಾನೆಟ್ ಕಾಫಿಯನ್ನೇ ಮಾಡಿ ತಂದಳು. ಕಾಫಿ ನೋಡಿ ಕಾತ್ಯಾಯಿನಿಗೆ ಜೀವ ಬಂದಂತಾಯಿತು. ನಿರಾಳವಾಗಿ ಕೂತು ಒಂದು ಗುಟುಕು ಕುಡಿದಳು.

“ಆವತ್ತು ನಿನ್ನನ್ನ ಕಾಯಂ ಮಾಡೋ ಮಾತಾಡೋಣ ಅಂತಿದ್ದೆ,” ಎಂದಳು ಜಾನೆಟ್. “ನೀನು ಕೂರಲೇ ಇಲ್ಲ. ನಮ್ಮ ಜೊತೆ ಇರೋಕೆ ನಿಂಗೆ ಇಷ್ಟ ಇಲ್ಲ ಅಂದ್ಕೊಂಡೆ. ಆ ಜಾಗ ಬೇರೆಯವರಿಗೆ ಕೊಟ್ಟಾಯ್ತು.”

ಮನೆಗೆ ಬಂದವಳು ಮಗಳ ಫೋನ್ ಬಂದರೂ ಎತ್ತಲಿಲ್ಲ. ಅವಳ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿಯಿತು.

ಈಗ ಇದೇ ದೇಶದ ಆಲ್ಬನಿ ಎಂಬಲ್ಲಿ ಇನ್ನೊಂದು ವೃದ್ಧಾಶ್ರಮದಲ್ಲಿದ್ದಾಳೆ. ಮತ್ತೆ ಟ್ರಯಲ್. ಅಲ್ಲಿ ಯಾರು ಕೆಟಲ್ ಇಟ್ಟರೂ ಮೊದಲು ಇವಳ ಕಪ್ಪೇ ಮುಂದಿರುತ್ತದೆ. ಮುಖ ಕಿವಿಚದೆ ತಳದವರೆಗೂ ಕುಡಿಯುತ್ತಾಳೆ. ಯಾರಾದರೂ ಅಕ್ಕರೆಯಿಂದ ಕಾಫಿ ತಂದುಕೊಟ್ಟರೆ ಮಾತ್ರ ಕಪ್ಪು ಕೆಳಗಿಟ್ಟು, ಅವರ ಮುಖ ನೋಡುತ್ತಾ ಕೂರುತ್ತಾಳೆ.