ದಾರಿ ತೋರಿಸುವ ನಾಯಿ ಬರುವವರೆಗೆ

“ಯಾರಮ್ಮ ಕರ್ಕೊಂಡು ಬಂದಿದ್ದು?”

ನಾನು ಬೆತ್ತದ ಕುರ್ಚಿ ಹೆಣೆಯುತ್ತಿದ್ದ ಕಾರ್ಖಾನೆಯ ಗೇಟಿನಲ್ಲಿ ದಿನಾ ಬೆಳಿಗ್ಗೆ ಈ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ನನ್ನಂಥ ಕಣ್ಣಿಲ್ಲದ ಹೆಂಗಸರು. ಯಾರಾದರೂ ಜೊತೆಗೆ ಬಂದು ಬಿಟ್ಟರೆ ಒಳಗೆ, ಇಲ್ಲದಿದ್ದರೆ ಮನೆಗೆ. ಅದು ಅಲ್ಲಿನ ಕಾನೂನು. ವಾಚ್‌ಮನ್ ತಾತ ದೊಡ್ಡ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ‘ಅಣ್ಣ’ ಎಂದು ಬರೆಯುತ್ತಿದ್ದರು. ನಿಬ್ಬು ಕಾಗದದ ಮೇಲೆ ಕರಕರ ಅನ್ನುವುದು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಾನೇನು ಮೂಟೆಯೇ, ತಂದವರ ಹೆಸರು ಬರೆದುಕೊಂಡು ಇಳಿಸಿಕೊಳ್ಳುವುದಕ್ಕೆ? ಆ ಕಾರ್ಖಾನೆಯಲ್ಲಿ ನನ್ನಷ್ಟು ಬಿಗಿಯಾಗಿ ಸೀಟು ಹೆಣೆಯುವವರು ಇನ್ನೊಬ್ಬರಿರಲಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ, ಇದ್ದದ್ದು ಹೇಳುತ್ತಿದ್ದೇನೆ.

ನಮ್ಮ ಮನೆ ಬೈರಸಂದ್ರದ ಹಳೇ ಊರಿನಲ್ಲಿತ್ತು. ಹತ್ತನೇ ವಯಸ್ಸಿನಲ್ಲಿ ಸಿಡುಬು ಬಂದು ನನ್ನ ಎರಡು ಕಣ್ಣೂ ಹೋದವು. ಅದಾದ ಮೇಲೆ ಸರ್ವೆಯವರು ಬಂದು ನಮ್ಮ ಹೊಲಗಳಲ್ಲಿ ಕಲ್ಲು ನೆಟ್ಟರು, ರಸ್ತೆ ಎಳೆದರು, ಹೊಲವೆಲ್ಲ ಜಯನಗರವಾಯಿತು. ಹಾಗಾಗಿ ಜಯನಗರವನ್ನು ನಾನು ಕಂಡವಳೇ ಅಲ್ಲ. ನಾನು ಕಂಡಿದ್ದು ನಮ್ಮ ರಾಗಿ ಹೊಲ, ಆಚೆಗೆ ಇಳಿಜಾರಿನಲ್ಲಿ ಕಡಲೆಕಾಯಿ ಹೊಲ, ನಡುವೆ ಬದು, ಸೇದುವ ಬಾವಿ, ದೊಡ್ಡ ಹುಣಸೇಮರ. ಅದೇ ನನ್ನ ತಲೆಯಲ್ಲಿ ಉಳಿದಿತ್ತು.

ಆರು ವರ್ಷ ಅಣ್ಣ ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕಾರ್ಖಾನೆಗೆ ಬಿಡುತ್ತಿದ್ದ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆಗ ಅವನಿಗೆ ಊರಾಚೆ ಬೇರೊಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು, ಬೆಳಕು ಹರಿಯುವ ಮೊದಲೇ ಬಸ್ಸು. ಅಪ್ಪನಿಗೆ ಮಂಡಿನೋವು. ಅವ್ವನಿಗೆ ನಾಲ್ಕು ಹಸು. “ಮನೇಲೇ ಇರ್ಲಿ ಬಿಡವ್ವ, ಅವಳನ್ನ ನಾವು ಸಾಕಲ್ವಾ?” ಅಂದ ಅಣ್ಣ. ಪ್ರೀತಿಯಿಂದಲೇ ಅಂದಿದ್ದು. ಆದರೆ ಸಾಕುವ ಮಾತು ಕೇಳಿ ನಾನು ಎರಡು ದಿನ ಅವನನ್ನು ಮಾತನಾಡಿಸಲಿಲ್ಲ. ಮನೆಯಲ್ಲಿ ಕೂತರೆ ನಾನು ಕುರುಡಿ, ಅಷ್ಟೇ. ಕಾರ್ಖಾನೆಯಲ್ಲಿ ನಾನು ಕೆಲಸಗಾರ್ತಿ.

ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಮೇಡಂಗೆ ಇದು ಗೊತ್ತಾಗಿ ನನ್ನನ್ನು ಕರೆಸಿದರು. “ಹೊರದೇಶದಲ್ಲಿ ಕಣ್ಣಿಲ್ಲದವರಿಗೆ ದಾರಿ ತೋರಿಸೋಕೆ ಅಂತಲೇ ನಾಯಿ ತಯಾರು ಮಾಡೋ ಶಾಲೆ ಇದೆ. ನಿನಗೊಂದು ಬೇಕು ಅಂತ ಕಾಗದ ಹಾಕಿದ್ದೀನಿ. ಅದು ಬರೋವರೆಗೂ ನಾಯಿ ಜೊತೆ ಇರೋದು ರೂಢಿ ಮಾಡ್ಕೋ” ಅಂದರು. ರೂಢಿಗೆಂದು ಅವರ ಪರಿಚಯದ ಒಬ್ಬ ಅಮ್ಮಾವರ ಸಾಕುನಾಯಿ ಸಿಕ್ಕಿತು. ಆ ಅಮ್ಮಾವರು ಮಗಳ ಬಾಣಂತನಕ್ಕೆ ನಾಲ್ಕು ತಿಂಗಳು ಬೊಂಬಾಯಿಗೆ ಹೊರಟಿದ್ದರು. ಅಲ್ಲಿಯವರೆಗೆ ನಾಯಿ ನಮ್ಮ ಮನೆಯಲ್ಲಿ.

ಬಂತು ನಾಯಿ. ಉದ್ದ ಕೂದಲು, ದೊಡ್ಡ ತಲೆ, ಕತ್ತಿಗೆ ಚರ್ಮದ ಪಟ್ಟಿ. ಜೊತೆಗೆ ಅದರದೇ ತಟ್ಟೆ, ಅದರದೇ ಬ್ರಷ್ಷು, ಒಂದು ಪೌಂಡು ಬ್ರೆಡ್ಡು. “ಬ್ರೆಡ್ಡು ಜ್ವರ ಬಂದೋರು ತಿನ್ನೋದಲ್ವಾ, ಇದಕ್ಕೇನು ಬಂದೈತೆ ರೋಗ?” ಎಂದು ಅವ್ವ ಬ್ರೆಡ್ಡು ಎತ್ತಿಟ್ಟು ಮುದ್ದೆ ಹಾಕಿದಳು. ಮರುಕ್ಷಣವೇ ಕಿರುಚಿದಳು, “ಅಯ್ಯೋ ನೋಡ್ರೋ, ಮುದ್ದೇನ ಅಗೀತೈತೆ ಕಣ್ರೋ!” ಮುದ್ದೆ ನುಂಗಲು ಬಾರದ ಪ್ರಾಣಿ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಅದರ ಇಂಗ್ಲಿಷ್ ಹೆಸರು ನಮ್ಮ ಯಾರ ಬಾಯಲ್ಲೂ ತಿರುಗಲಿಲ್ಲ. ಅವ್ವ ‘ಮಗಾ’ ಅಂದಳು, ಅದೇ ನಿಂತಿತು. “ಹಂಗಾದ್ರೆ ನಾನ್ಯಾರು?” ಎಂದು ಅಣ್ಣ ಗೊಣಗಿದ.

ಅಪ್ಪ ನಾಯಿಯ ಮುಖ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದ, ಕತ್ತಿನ ಪಟ್ಟಿ ಕಿರುಗುಟ್ಟಿತು. ದನ ಕೊಳ್ಳುವಾಗಲೂ ಅವನು ಹಾಗೆಯೇ ನೋಡುವುದು. ಆಮೇಲೆ, “ಹಗ್ಗ ಹಾಕಿ ಹಿಡ್ಕೊಂಡು ಹೋಗೋಕೆ ಇದೇನು ಹಸುವಾ?” ಎಂದು ನಕ್ಕು ಎದ್ದುಹೋದ.

ಮಾರನೆಯ ದಿನದಿಂದ ನಾನೂ ಮಗನೂ ಕಾರ್ಖಾನೆಗೆ ಹೊರಟೆವು. ಅರ್ಧ ಗಂಟೆ ದಾರಿ. ಊರಿನ ಓಣಿ ಮುಗಿಯುತ್ತಲೇ ಇಳಿಜಾರು ಸಿಗುತ್ತಿತ್ತು. ಟಾರು ಹಾಕಿದರೇನಂತೆ, ಕಡಲೆಕಾಯಿ ಹೊಲದ ಇಳಿಜಾರು ಎಲ್ಲಿ ಹೋಗುತ್ತದೆ? ಅದು ಮುಗಿದು ಕಾಲು ಸಮ ಬಿದ್ದಲ್ಲಿ ಮೋರಿ. ಅಲ್ಲಿಂದ ಹುಣಸೇಮರ, ರಸ್ತೆ ಹಾಕಿದವರು ಅದನ್ನು ಕಡಿಯದೆ ಉಳಿಸಿದ್ದರು. ನೆರಳಿಗೆ ಹೋದರೆ ಮುಖಕ್ಕೆ ತಂಪು. ಬಲಕ್ಕೆ ತಿರುಗಿದರೆ ಮುಚ್ಚಿದ ಬಾವಿಯ ಜಾಗ, ಹೆಜ್ಜೆಯ ಸದ್ದು ಬದಲಾಗುತ್ತದೆ. ಮುಂದೆ ಹೊಸ ಮನೆಗಳು, ಹಸಿ ಸಿಮೆಂಟಿನ ವಾಸನೆ, ಆಮೇಲೆ ಬಸ್ಸು ಓಡಾಡುವ ದೊಡ್ಡ ರಸ್ತೆ. ಅದನ್ನು ದಾಟಿದರೆ ಕಾರ್ಖಾನೆ.

ಮಗ ನನ್ನ ಕಾಲಿಗೆ ಅಂಟಿಕೊಂಡೇ ನಡೆಯುತ್ತಿತ್ತು. ಮೋರಿ ಬಂದಾಗ ನಾನು “ಮೋರಿ” ಎಂದು ನಿಂತರೆ ಅದೂ ನಿಲ್ಲುತ್ತಿತ್ತು. ದೊಡ್ಡ ರಸ್ತೆಯಲ್ಲಿ ಬಸ್ಸಿನ ಸದ್ದಾದರೆ ಕೂತುಬಿಡುತ್ತಿತ್ತು. ಎಂಥ ಬುದ್ಧಿ ಅಂದುಕೊಂಡೆ! ಊರ ನಾಯಿಗಳು ಬೊಗಳುತ್ತ ಮೇಲೆ ಬಂದರೆ ಮಾತ್ರ ನನ್ನ ಸೀರೆಯ ಹಿಂದೆ ಅವಿತುಕೊಳ್ಳುತ್ತಿತ್ತು. “ಹಚಾ!” ಎಂದು ನಾನೇ ಅವನ್ನು ಗದರಿಸಿ ಓಡಿಸಬೇಕಿತ್ತು. ಮನೆಯಲ್ಲಿ ಹಂಡೆಗೆ, ಒರಳಿಗೆ ಹೋಗಿ ಡಿಕ್ಕಿ ಹೊಡೆಯುತ್ತಿತ್ತು. ದೊಡ್ಡ ಬಂಗಲೆಯಲ್ಲಿ ಬೆಳೆದದ್ದು, ನಮ್ಮ ಇಕ್ಕಟ್ಟು ಮನೆ ಅದಕ್ಕೆ ಹೊಸದು ಎಂದು ಸಮಾಧಾನ ಮಾಡಿಕೊಂಡೆ.

ಮೊದಲ ದಿನ ವಾಚ್‌ಮನ್ ತಾತ, “ಯಾರಮ್ಮ ಕರ್ಕೊಂಡು ಬಂದಿದ್ದು?” ಅಂದಾಗ “ನಾಯಿ” ಅಂದೆ. ತಾತ ಒಳಗೆ ಹೋಗಿ ಮೇಡಂ ಅಪ್ಪಣೆ ಕೇಳಿಕೊಂಡು ಬಂದು ‘ನಾಯಿ’ ಎಂದೇ ಬರೆದರು. ಮೂರು ತಿಂಗಳು ಹೀಗೆ ನಡೆಯಿತು. ಆ ಮೂರು ತಿಂಗಳಲ್ಲಿ ನಾನು ನಡೆದ ಠೀವಿ ನೋಡಬೇಕಿತ್ತು ನೀವು! ಬೀದಿಯವರು “ದೊರೆಸಾನಿ ಬಂದ್ಲು” ಎಂದು ರೇಗಿಸುತ್ತಿದ್ದರು. ರೇಗಿಸಲಿ ಎಂದೇ ಸೆರಗು ಸರಿಮಾಡಿಕೊಂಡು ಹೋಗುತ್ತಿದ್ದೆ.

ನಾಲ್ಕನೇ ತಿಂಗಳು ಹೊರದೇಶದಿಂದ ಕಾಗದ ಬಂತು. ಮೇಡಂ ನನ್ನನ್ನು ಕೂರಿಸಿ ಓದಿ ಹೇಳಿದರು. ಅವರು ನಾಯಿಯನ್ನು ಹಾಗೆ ಕಳಿಸಿಕೊಡುವುದಿಲ್ಲವಂತೆ. ನಾನೇ ಅಲ್ಲಿಗೆ ಹೋಗಿ ಒಂದು ತಿಂಗಳು ಅವರ ಶಾಲೆಯಲ್ಲಿದ್ದು ನಾಯಿಯ ಜೊತೆ ಕಲಿತು ಬರಬೇಕಂತೆ. ಮೆಜೆಸ್ಟಿಕ್ಕಿನ ಆಚೆ ಕಾಲಿಡದವಳು ಸಮುದ್ರ ದಾಟುವುದು ಎಲ್ಲಿ ಬಂತು? ಅಷ್ಟರಲ್ಲಿ ಇನ್ನೊಂದು ಸುದ್ದಿ ಹೇಳಿದರು. ಬೊಂಬಾಯಿಗೆ ಹೋಗಿದ್ದ ಅಮ್ಮಾವರು ವಾಪಸ್ ಬಂದಿದ್ದಾರೆ, ಭಾನುವಾರ ತಮ್ಮ ನಾಯಿ ಕರೆದುಕೊಂಡು ಹೋಗುತ್ತಾರೆ. “ಸೋಮವಾರದಿಂದ ಯಾರಾದರೂ ಜೊತೆಗೆ ಬರ್ತಾರಾ? ಇಲ್ಲದಿದ್ರೆ ನಾನೂ ಏನೂ ಮಾಡೋಕಾಗಲ್ಲಮ್ಮ” ಅಂದರು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು.

ಸಂಜೆ ಮನೆಗೆ ಬಂದವಳೇ ಊಟದ ಡಬ್ಬಿ ಕುಕ್ಕಿ ಜಗಲಿಯ ಮೇಲೆ ಕೂತು ಅತ್ತೆ. “ಆ ಪರದೇಶದ ನಾಯಿ ಯಾಕೆ ಬೇಕಪ್ಪ ನಂಗೆ? ಈ ಮಗ ಎಷ್ಟು ಚೆನ್ನಾಗಿ ಕರ್ಕೊಂಡು ಹೋಗ್ತಿತ್ತು! ಆ ಅಮ್ಮಾವರ ಕಾಲಿಗೆ ಬಿದ್ದಾದ್ರೂ ಇದನ್ನೇ ಉಳಿಸ್ಕೊಳ್ತೀನಿ” ಅಂದೆ.

ಅಪ್ಪ ಬಂದು ನನ್ನ ಪಕ್ಕದಲ್ಲಿ ಕೂತ. ಅವ್ವ ಕೊಟ್ಟಿಗೆಯಿಂದ ಬಂದು ನಿಂತದ್ದು ಗೊತ್ತಾಯಿತು. “ಹೇಳ್ಬಿಡಿ ಅತ್ಲಾಗೆ” ಅಂದಳು ಅಪ್ಪನಿಗೆ.

“ಏನಪ್ಪ?” ಅಂದೆ.

“ಅದಕ್ಕೆ ಕಣ್ಣಿಲ್ಲ ಕಣವ್ವ” ಅಂದ ಅಪ್ಪ. “ಎರಡಕ್ಕೂ ಪೊರೆ ಬಂದೈತೆ. ಬಂದ ದಿವಸವೇ ನೋಡ್ದೆ.”

ಸಿಟ್ಟು ನೆತ್ತಿಗೇರಿತು. ಮೂರು ತಿಂಗಳು ಮನೆಮಂದಿಯೆಲ್ಲ ಸೇರಿ ನನ್ನನ್ನು ಪೆದ್ದಿ ಮಾಡಿದಿರಲ್ಲ, ನಾನು ಬಸ್ಸಿಗೆ ಸಿಕ್ಕಿ ಸತ್ತಿದ್ದರೆ ಏನು ಮಾಡುತ್ತಿದ್ದಿರಿ ಎಂದು ಬಾಯಿಗೆ ಬಂದಂತೆ ಬೈದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ.

“ಮೊದಲ್ನೇ ದಿವಸ ಮಂಡಿ ಎಳ್ಕೊಂಡು ನಿನ್ನ ಹಿಂದೆನೇ ಬಂದಿದ್ದೆ” ಅಂದ. “ಚಪ್ಪಲಿ ಹಾಕಿರ್ಲಿಲ್ಲ, ನಿಂಗೆ ಗೊತ್ತಾಗ್ಬಾರ್ದು ಅಂತ. ಹುಣಸೇಮರದ ತಾವ ಅದು ಜಲ್ಲಿ ರಾಶಿ ಕಡೆ ನುಗ್ತು. ನೀನು ಹಗ್ಗ ಜಗ್ಗಿ ಈಚೆಗೆ ಎಳ್ಕೊಂಡೆ. ದೊಡ್ಡ ರಸ್ತೇಲಿ ಎರಡು ಬಸ್ಸು ಹೋಗೋಗಂಟ ನಿಂತಿದ್ದು ದಾಟ್ಸಿದೆ. ಗೇಟಿನ ಗಂಟ ನೋಡ್ದೆ. ನನ್ನ ಮಗಳು ಹೊಲದ ದಾರಿ ಮರ್ತಿಲ್ಲ ಅನ್ಕೊಂಡು ವಾಪಸ್ ಬಂದ್ಬಿಟ್ಟೆ.”

ಹೊಲ ಹೋದ ಮೇಲೆ ಅಪ್ಪನ ಬಾಯಲ್ಲಿ ‘ಹೊಲ’ ಅನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಮಗ ಬಂದು ನನ್ನ ಮಂಡಿಯ ಮೇಲೆ ತಲೆಯಿಟ್ಟಿತು. ಅದರ ರೆಪ್ಪೆಗಳನ್ನು ಬೆರಳಲ್ಲಿ ಸವರಿದೆ. “ಕಳ್ಳ ನನ್ಮಗನೇ, ನಿನ್ನನ್ನ ನಾನು ಹೊತ್ಕೊಂಡು ತಿರುಗ್ತಿದ್ನಾ?” ಅಂದೆ. ಅವ್ವ ಮೊದಲು ನಕ್ಕಳು, ಆಮೇಲೆ ಎಲ್ಲರೂ ನಕ್ಕೆವು.

ಭಾನುವಾರ ಅಮ್ಮಾವರು ಬಂದರು. ನಾನೇ ಹಗ್ಗವನ್ನು ಅವರ ಕೈಗಿಟ್ಟೆ. “ಇದಕ್ಕೆ ಕಣ್ಣು ಕಾಣ್ಸಲ್ಲಮ್ಮಾವ್ರೇ. ಮೋರಿ ಬಂದ್ರೆ ಮೋರಿ ಅಂತ ಹೇಳಿ, ನಿಂತ್ಕೊಳ್ಳುತ್ತೆ. ಮುದ್ದೆ ಹಾಕಿದ್ರೆ ಈಗ ಅಗಿಯಲ್ಲ” ಅಂದೆ. ಅವರಿಗೆ ಪೊರೆಯ ಸಂಗತಿ ಗೊತ್ತೇ ಇರಲಿಲ್ಲ, ಪಾಪ. ಕಾರು ಹೋದ ಮೇಲೆ ಅವ್ವ, ಮಗನ ತಟ್ಟೆ ಕೊಡುವುದು ಮರೆತೆ ಎಂದಳು. ಮರೆತಿರಲಿಲ್ಲ, ಬೇಕೆಂದೇ ಇಟ್ಟುಕೊಂಡಿದ್ದಳು.

ಸೋಮವಾರ ಬೆಳಿಗ್ಗೆ ಅಪ್ಪ ತನ್ನ ದನ ಕಾಯುವ ಕೋಲನ್ನು ಕೈಗೆ ಕೊಟ್ಟ. “ಹಿಂದೆ ಬರ್ಬೇಡ” ಅಂದೆ. “ಬರಲ್ಲ ಹೋಗವ್ವ” ಅಂದ. ಸುಳ್ಳು ಹೇಳಬಾರದು, ಓಣಿಯ ತುದಿಯಲ್ಲಿ ವಾಪಸ್ ಹೋಗಿಬಿಡೋಣ ಅನ್ನಿಸಿತು. ಕಾಲಿಗೆ ಒತ್ತಿಕೊಂಡಿರುತ್ತಿದ್ದ ಆ ಬಿಸಿ ಮೈ ಇರಲಿಲ್ಲ. ಇಳಿಜಾರು ಮುಗಿದಾಗ “ಮೋರಿ” ಎಂದು ಜೋರಾಗಿ ಹೇಳಿ, ನಾನೇ ದಾಟಿದೆ. ಹುಣಸೇಮರದ ತಂಪು, ಬಾವಿಯ ಜಾಗ, ಹಸಿ ಸಿಮೆಂಟು. ದೊಡ್ಡ ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ಒಂದು ಜಟಕಾ ಹೋಯಿತು. ಇನ್ನೇನೂ ಕೇಳುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ದಾಟಿದೆ.

“ಯಾರಮ್ಮ ಕರ್ಕೊಂಡು ಬಂದಿದ್ದು? ನಾಯಿ ಎಲ್ಲಿ?” ಅಂದರು ತಾತ.

“ನಾನೇ ಬಂದೆ ತಾತ. ಇಷ್ಟು ದಿನ ಆ ನಾಯಿನೂ ನಾನೇ ಕರ್ಕೊಂಡು ಬರ್ತಿದ್ದೆ. ಅದಕ್ಕೆ ಕಣ್ಣಿರಲಿಲ್ಲ.”

ತಾತ ಒಳಗಿದ್ದ ಮೇಡಂ ಅವರನ್ನು ಕೂಗಿ ಕರೆದರು. ಮೇಡಂ ಗೇಟಿಗೆ ಬಂದರು, ನಾನು ಇನ್ನೊಮ್ಮೆ ಹೇಳಿದೆ. ಅವರ ಚಪ್ಪಲಿಯ ಸದ್ದು ರಸ್ತೆಯಂಚಿನ ತನಕ ಹೋಗಿ ವಾಪಸ್ ಬಂತು. ರಸ್ತೆಯ ಆಚೆ ಈಚೆ ಯಾರಾದರೂ ನಿಂತಿದ್ದಾರೇನೋ ಎಂದು ನೋಡಿದರೆಂದು ಕಾಣುತ್ತದೆ. ಯಾರೂ ಇರಲಿಲ್ಲ.

“ಬರ್ಕೊಳ್ಳಿ” ಅಂದರು.

“ಏನಂತ ಮೇಡಂ?”

“ಅವಳೇ ಹೇಳಿದಳಲ್ಲ.”

ತಾತ ಪುಸ್ತಕ ತೆರೆದು ನಿಬ್ಬನ್ನು ಮಸಿಗೆ ಅದ್ದಿದರು. “ಒಳಗೆ ಹೋಗಮ್ಮ, ಬರ್ಕೋತೀನಿ” ಅಂದರು. ನಾನು ಹೋಗಲಿಲ್ಲ. ಕೋಲನ್ನು ನೆಲಕ್ಕೂರಿ, ತಾತ ನನ್ನ ಹೆಸರಿನ ಮುಂದೆ ‘ತಾನೇ’ ಎಂದು ಬರೆದು ಮುಗಿಸುವ ತನಕ ನಿಬ್ಬಿನ ಕರಕರ ಕೇಳುತ್ತ ಅಲ್ಲೇ ನಿಂತೆ.