ಎರಡು ಕಾಲು, ಮೂರು ಎಣಿಕೆ

ಬೊಂಬಾಯಿಯಲ್ಲಿ ಮೊದಲ ದಿನವೇ ನನಗೊಂದು ಕುರ್ಚಿ ತೋರಿಸಿ, ಕುಳಿತು ನುಡಿಸು ಎಂದರು. ಹನ್ನೆರಡು ವರ್ಷ ಕ್ಲಾರಿನೆಟ್ ಊದಿದ್ದೆ, ಒಂದು ದಿನವೂ ಕುಳಿತು ಊದಿದವನಲ್ಲ. ಕುಳಿತೆ. ಉಸಿರು ಹೊಟ್ಟೆಯಲ್ಲೇ ಸಿಕ್ಕಿಕೊಂಡಿತು. ಮಟಮಟ ಮಧ್ಯಾಹ್ನದಲ್ಲಿ ಪರದೆ ಎಳೆದು ದೀಪ ಹಚ್ಚಿದ್ದರು. ಎದುರಿಗೆ ಉಜ್ಜಿ ಹೊಳಪೇರಿಸಿದ ಮರದ ನೆಲ. ಮದುಮಗನಿಲ್ಲ, ಬೀಗರಿಲ್ಲ, ಧೂಳಿಲ್ಲ. ಎಲ್ಲಿಗೂ ನಡೆದುಹೋಗದೆ ಇದ್ದಲ್ಲೇ ಇದ್ದು ವಾದ್ಯ ನುಡಿಸುವುದು ನನಗೆ ಹುಚ್ಚಾಟದಂತೆ ಕಂಡಿತು.

ನಾನು ಕಲಿತದ್ದು ಅರಸೀಕೆರೆಯ ಮದುವೆ ಬ್ಯಾಂಡಿನಲ್ಲಿ. ಬ್ಯಾಂಡ್‌ಸೆಟ್ಟು ನನ್ನ ಸೋದರಮಾವ ತಿಮ್ಮಯ್ಯನದು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನೂ ಅವನೇ. ಬಾಣಾವರದ ಸ್ಟೇಷನ್ನಿನಿಂದ ಬೀಗರನ್ನು ಕರೆತರುವುದಿರಲಿ, ಬಸ್ತಿಹಳ್ಳಿಯ ಜೈನರ ಮನೆಯ ದಿಬ್ಬಣವಿರಲಿ, ಮಾವ ದೊಡ್ಡ ಡ್ರಮ್ಮು ನೇತುಹಾಕಿಕೊಂಡು ಮುಂದೆ ನಡೆಯುತ್ತಿದ್ದ. ಅವನ ಹಿಮ್ಮಡಿ ನೋಡುತ್ತ ನಾನು ಊದುತ್ತಿದ್ದೆ. ಎಡ, ಬಲ, ಎಡ, ಬಲ. ತಾಳವೆಂದರೆ ನನಗೆ ಅಷ್ಟೇ ಗೊತ್ತಿದ್ದದ್ದು.

ನೋಟು ಓದಲು ಕಲಿಸಿದವರು ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಗೋವಾದ ಗಾರ್ಡೊಬ್ಬರು. ಅವರ ಭಾಮೈದ ಆಂತೋನ್ ಬೊಂಬಾಯಿಯ ಹೋಟೆಲೊಂದರಲ್ಲಿ ಜಾಜ್ ಬ್ಯಾಂಡು ನಡೆಸುತ್ತಿದ್ದ. ತುರ್ತು ಪರಿಸ್ಥಿತಿ ಮುಗಿದ ವರ್ಷ ಅವರು ನನ್ನ ಕೈಗೆ ಒಂದು ಕಾಗದ ಕೊಟ್ಟು, "ಹೋಗು. ಮದುವೆ ಬ್ಯಾಂಡಿನ ಸುದ್ದಿ ಮಾತ್ರ ಎತ್ತಬೇಡ. ನನ್ನ ಹತ್ತಿರ ಕಲಿತೆ ಅಂತ ಹೇಳು, ಸಾಕು" ಎಂದರು. ನಾನು ಹಾಗೆಯೇ ಹೇಳಿದೆ. ಹೇಳಲು ಕಷ್ಟವೂ ಆಗಲಿಲ್ಲ, ಅದೇ ಈಗ ನಾಚಿಕೆ.

ಉಳಿದುಕೊಂಡದ್ದು ಒಂದು ಚಾಳಿನಲ್ಲಿ. ಉದ್ದನೆಯ ಪಡಸಾಲೆಗೆ ಸಾಲಾಗಿ ಕೋಣೆಗಳು, ಕೋಣೆಗೊಂದು ಸಂಸಾರ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಅಂಥ ಒಂದು ಕೋಣೆಯಲ್ಲಿ ನಾವು ಏಳು ಗಂಡಸರು. ಬೆಳಿಗ್ಗೆ ಪಾವ್ ಎಂಬ ಪುಟ್ಟ ಬ್ರೆಡ್ಡು, ಚಹಾ. ಮುದ್ದೆ ಕನಸಿಗೆ ಬರುತ್ತಿತ್ತು ಎಂದರೆ ನೀವು ನಗುತ್ತೀರಿ, ನಗಿ. ಭಾಷೆಗೆ ಮಾತ್ರ ತೊಂದರೆಯಾಗಲಿಲ್ಲ. ಅರಸೀಕೆರೆಯ ಮುಸಲ್ಮಾನರ ಮದುವೆಗಳಲ್ಲಿ ನುಡಿಸಿ ನುಡಿಸಿ ನಮ್ಮ ಬ್ಯಾಂಡಿನವರಿಗೆಲ್ಲ ಉರ್ದು ಬರುತ್ತಿತ್ತು. ಅದನ್ನೇ ಇಲ್ಲಿ ಹಿಂದಿ ಎಂದು ದಾಟಿಸಿದೆ.

ತೊಂದರೆಯಾದದ್ದು ಕಾಲಿಗೆ. ಎಲ್ಲ ಬ್ಯಾಂಡಿನವರಿಗೂ ಬಾಯಿಪಾಠವಾಗಿರುವ ಹಳೆಯ ಹಾಡುಗಳನ್ನು ಇಲ್ಲಿ ಸ್ಟ್ಯಾಂಡರ್ಡ್ ಎನ್ನುತ್ತಾರೆ. ಹಾಡು ಎಲ್ಲರದೂ ಒಂದೇ, ನುಡಿಸುವ ರೀತಿ ಅವರವರದು. ಹೆಚ್ಚಿನವು ನಾಲ್ಕರ ಎಣಿಕೆಯವು, ಅದಕ್ಕೆ ಕಾಮನ್ ಟೈಮ್ ಎಂದು ಹೆಸರು. ಆಂತೋನ್ ಅದೇ ಹಾಡನ್ನು ನಡುವೆ ಮೂರರ ಎಣಿಕೆಗೆ, ಎಂದರೆ ವಾಲ್ಟ್ಸಿಗೆ, ತಿರುಗಿಸುತ್ತಿದ್ದ. ನಾಲ್ಕರಲ್ಲಿ ಬೀದಿಯಲ್ಲಿ ನಡೆದಂತಿದ್ದ ಹಾಡು ಮೂರಕ್ಕೆ ಬಂದೊಡನೆ ಸುತ್ತತೊಡಗುತ್ತಿತ್ತು, ನೆಲದ ಮೇಲಿನ ಜೋಡಿಗಳೂ ಸುತ್ತುತ್ತಿದ್ದವು. ನಾಲ್ಕರಲ್ಲಿ ನಾನು ಹುಲಿ. ಮೂರಕ್ಕೆ ಬಂದರೆ ಮೊದಲ ಪೆಟ್ಟು ಒಮ್ಮೆ ಎಡಗಾಲಿಗೆ ಬೀಳಬೇಕು, ಮರುಸಲ ಬಲಗಾಲಿಗೆ. ದಿಬ್ಬಣದ ಕಾಲು ಕೇಳುತ್ತದೆಯೇ? ಯಾವಾಗಲೂ ಎಡಗಾಲಿಗೇ ಕಾಯುತ್ತಿತ್ತು, ನನಗರಿವಿಲ್ಲದೆ ಇಲ್ಲದ ನಾಲ್ಕನೆಯ ಹೆಜ್ಜೆಯೊಂದನ್ನು ಹಾಕಿಬಿಡುತ್ತಿತ್ತು. ಒಂದು ಸಂಜೆ ಎರಡು ಜೋಡಿಗಳು ಡಿಕ್ಕಿ ಹೊಡೆದುಕೊಂಡವು. ಮುಂದಿನ ಶನಿವಾರದೊಳಗೆ ಸರಿಹೋಗದಿದ್ದರೆ ಊರಿನ ರೈಲು ಹತ್ತು ಎಂದ ಆಂತೋನ್.

ಆ ಶುಕ್ರವಾರ ಮಧ್ಯಾಹ್ನದ ಅಭ್ಯಾಸದ ಹೊತ್ತಿಗೆ ಮಾವ ಬಂದ. ಬಾಗಿಲಲ್ಲಿ ನಿಂತಿದ್ದ, ಮೈಮೇಲೆ ಹಿತ್ತಾಳೆ ಗುಂಡಿಯ ಕೆಂಪು ಬ್ಯಾಂಡ್ ಕೋಟು, ಕೈಯಲ್ಲಿ ಕೊಬ್ಬರಿಯ ಚೀಲ. ನಮ್ಮ ಕಡೆ ಒಂದು ಬ್ಯಾಂಡಿನವರು ಇನ್ನೊಂದು ಬ್ಯಾಂಡಿನವರನ್ನು ನೋಡಲು ಹೋದರೆ ಕೋಟು ತೊಟ್ಟೇ ಹೋಗುವುದು, ಅದು ಅವರಿಗೆ ಕೊಡುವ ಮರ್ಯಾದೆ. ಅದೇ ಮರ್ಯಾದೆಯನ್ನು ಮಾವ ಎರಡು ದಿನದ ರೈಲಿನಲ್ಲಿ ಹೊತ್ತು ತಂದಿದ್ದ.

"ಏನ್ಲಾ, ಕಾಗ್ದ ಹಾಕಿ ಎಷ್ಟ್ ತಿಂಗ್ಳಾತು? ಬದ್ಕಿದೀಯೋ ಇಲ್ವೋ ನೋಡಾನ ಅಂತ ಬಂದೆ ಕಣ್ಲಾ."

ಡ್ರಮ್ಮಿನವನು ಕೋಟು ನೋಡಿ ಕಿಸಕ್ಕನೆ ನಕ್ಕ. ಆಂತೋನ್ ಹಿಂದಿಯಲ್ಲಿ, "ಯಾರಿವರು? ಮದುವೆ ಬ್ಯಾಂಡಿನವರಾ?" ಎಂದು ಕೇಳಿದ.

"ಅಲ್ಲ, ನಮ್ಮ ಮನೆಯ ಆಳು. ಯಾರೋ ಕೊಟ್ಟ ಹಳೇ ಕೋಟು" ಎಂದೆ, ನಾನೂ ಹಿಂದಿಯಲ್ಲಿ.

ಮಾವನ ಮುಖ ನೋಡಲಿಲ್ಲ. ಅವನು ಚೀಲವನ್ನು ಗೋಡೆಗೆ ಒರಗಿಸಿ, ಅದರ ಪಕ್ಕ ಕೈಕಟ್ಟಿ ನಿಂತ. ನಾವು ಹಾಡು ಶುರುಮಾಡಿದೆವು. ಮೂರಕ್ಕೆ ತಿರುಗಿತು, ನಾನು ತಪ್ಪಿದೆ. ಮತ್ತೆ ತಿರುಗಿತು, ಮತ್ತೆ ತಪ್ಪಿದೆ. ಆಂತೋನ್ ಟ್ರಂಪೆಟ್ ಕೆಳಗಿಟ್ಟ.

"ಮಾಲಿಕ್, ಒಂದು ಮಾತು ಹೇಳಬಹುದೇ?"

ಹೇಳಿದ್ದು ಮಾವ, ಒಳ್ಳೆಯ ಉರ್ದುವಿನಲ್ಲಿ. ನಮ್ಮ ಬ್ಯಾಂಡಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಉರ್ದು ಬರುತ್ತಿದ್ದದ್ದು ಅವನಿಗೇ, ನನಗೆ ಅದನ್ನು ಕಲಿಸಿದವನೂ ಅವನೇ. ಗಾಬರಿಯಲ್ಲಿ ನಾನು ಅದನ್ನೂ ಮರೆತಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನು ಹತ್ತಿರ ಬಂದು ಕನ್ನಡಕ್ಕೆ ಹೊರಳಿದ. "ಕಾಲಲ್ಲಿ ಎಣಿಸ್ಬ್ಯಾಡಿ ಬುದ್ಧಿ. ತೊಟ್ಲು ತೂಗ್ದಂಗೆ ಮೈ ತೂಗ್ಲಿ. ಮೂರಕ್ಕೂ ಸೇರಿ ಒಂದೇ ತೂಗು. ಒಂದ್ಸಲ ಎಡುಕ್ಕೆ, ಇನ್ನೊಂದ್ಸಲ ಬಲುಕ್ಕೆ."

ಬುದ್ಧಿ ಎಂಬುದು ನಮ್ಮ ಕಡೆ ಆಳುಗಳು ಧಣಿಗೆ ಹೇಳುವ ಮಾತು. ಅಲ್ಲಿ ನನ್ನನ್ನು ಬಿಟ್ಟು ಯಾರಿಗೂ ಕನ್ನಡ ತಿಳಿಯದು. ಆದರೂ ಅವನು ಬುದ್ಧಿ ಎಂದ, ಬಹುವಚನದಲ್ಲೇ ಮಾತಾಡಿದ. ನಾನು ತಲೆಯೆತ್ತದೆ ತೂಗಿದೆ. ಹಾಡು ನಾಲ್ಕರಿಂದ ಮೂರಕ್ಕೆ ದಾಟಿತು, ಕೊನೆಯವರೆಗೂ ತಪ್ಪಲಿಲ್ಲ. "ನಿನಗಿಂತ ನಿನ್ನ ಆಳಿಗೇ ಸಂಗೀತ ಗೊತ್ತು!" ಎಂದು ಆಂತೋನ್ ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಭ್ಯಾಸ ಮುಗಿಯುತ್ತಲೇ ಹೊರಗೆ ಓಡಿದೆ. ಗೇಟಿನ ಬಳಿ ಮಾವ ಕೋಟು ಬಿಚ್ಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದ. "ಮಾವ" ಎಂದೆ. ಅವನು ಥಟ್ಟನೆ ಕಾವಲುಗಾರನ ಕಡೆ ನೋಡಿದ.

"ಮೆತ್ಗೆ ಕಣ್ಲಾ, ಜನ ಅವ್ರೆ. ಯಾರಾದ್ರು ಕೇಳಿಸ್ಕಂಡ್ರೆ ನಿನ್ ಕೆಲ್ಸುಕ್ಕೆ ಕುತ್ತು."

ಚಾಳಿಗೆ ಬಾ, ನಾಲ್ಕು ದಿನ ಇರು ಎಂದು ಅಂಗಲಾಚಿದೆ. "ಬ್ಯಾಡ. ಸೋಮ್ವಾರ ಬಸ್ತಿಹಳ್ಳೀಲಿ ಮದ್ವೆ ಐತೆ, ಬತ್ತೀನಿ" ಎಂದು ಹೊರಟುಹೋದ.

ಇದಾಗಿ ಎರಡು ವರ್ಷ. ಕೆಲಸ ಉಳಿದಿದೆ, ಈಗ ಮೂರರ ಹಾಡುಗಳಿಗೆ ಆಂತೋನ್ ನನ್ನನ್ನೇ ಮುಂದೆ ಬಿಡುತ್ತಾನೆ. ಒಮ್ಮೆ ಊರಿಗೂ ಹೋಗಿ ಬಂದೆ. ಮಾವ ಯಾರಿಗೂ ಏನೂ ಹೇಳಿರಲಿಲ್ಲ. ಬೇಲೂರಿನ ಮದುವೆಯೊಂದಕ್ಕೆ ನನ್ನನ್ನೂ ಕರೆದುಕೊಂಡು ಹೋಗಿ, "ನಮ್ಮುಡುಗ, ಬೊಂಬಾಯಲ್ಲವ್ನೆ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಅಲ್ಲಿ ನಾನು ತಿಮ್ಮಯ್ಯನ ಅಳಿಯ, ಇಲ್ಲಿ ಗಾರ್ಡಿನ ಶಿಷ್ಯ. ಎರಡು ಊರಿನಲ್ಲೂ ಅನ್ನ ಸಿಗುತ್ತದೆ, ಎರಡರಲ್ಲೂ ತಲೆಯೆತ್ತಿ ನಡೆಯಲಾರೆ.

ಅವರು ನನ್ನ ಮಾವ, ನನ್ನ ಗುರು. ಇದನ್ನು ಆಂತೋನ್‌ಗೆ ಇನ್ನೂ ಹೇಳಿಲ್ಲ. ಹೋಟೆಲಿನಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ ಇಲ್ಲಿ ಬರೆದಿದ್ದೇನೆ.