ನಗುವಿನ ಬಿಳಿ, ಕೀರ್ತಿಯ ಬಿಳಿ

ಮೇಡಂ ಒದ್ದೆ ನೂಲಿನ ಒಂದೆಳೆಯನ್ನು ಎರಡು ಬೆರಳಲ್ಲಿ ಹಿಡಿದು, ತುಟಿ ಮುಂದೆ ಚಾಚಿ, ಬಿಸಿ ಕಾಫಿ ಆರಿಸುವವರಂತೆ ಊದುತ್ತಿದ್ದರು. ಊದುವಾಗ ಎಡಗಣ್ಣು ಮುಚ್ಚಿರುತ್ತಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿರುತ್ತಿತ್ತು. ಒದ್ದೆಯಲ್ಲಿ ಕಂಡ ಬಣ್ಣ ಒಣಗಿದ ಮೇಲೆ ಇರುವುದಿಲ್ಲ. ನೂಲಿನ ಲಡಿ ಪೂರ್ತಿ ಒಣಗುವ ತನಕ ಕಾಯುವ ತಾಳ್ಮೆ ಅವರಿಗಿರಲಿಲ್ಲ.

ಕೆ.ಆರ್. ನಗರದ ಕಾಲೇಜಿನಲ್ಲಿ ನನಗೆ ಹಳಗನ್ನಡ ಕಲಿಸಿದವರು ಅವರು. ನಾನು ಚುಂಚನಕಟ್ಟೆ ಪಕ್ಕದ ಹಳ್ಳಿಯವಳು. ಅವ್ವ ಕಬ್ಬು ಕಡಿಯುವ ಕೂಲಿಗೆ ಹೋಗುತ್ತಿದ್ದಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ, ಅದು ಸುಮ್ಮನೆ ಬಂದದ್ದಲ್ಲ. ಕಾಲೇಜಿನ ಮೂರು ವರ್ಷವೂ ಮಧ್ಯಾಹ್ನದ ಊಟ ಮೇಡಂ ಮನೆಯಲ್ಲೇ ಆಗುತ್ತಿತ್ತು.

ನನ್ನ ಕೊನೆಯ ವರ್ಷ ಅವರ ಯಜಮಾನರಿಗೆ ಸ್ಟ್ರೋಕ್ ಆಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಎಡಗೈಯಲ್ಲಿ ಸ್ಟೀಲ್ ಲೋಟ ಹಿಡಿದು ಮಂಚದ ಕಂಬಿಗೆ ಬಡಿಯುತ್ತಿದ್ದರು. ಬೇರೆ ಯಾರು ಹೋದರೂ ಬಡಿತ ನಿಲ್ಲುತ್ತಿರಲಿಲ್ಲ, ಮೇಡಂ ಮುಖವೇ ಕಾಣಬೇಕು. ಮೇಡಂ ಕೆಲಸ ಬಿಟ್ಟರು. ಹಿತ್ತಲಿಗೂ ಆ ಮಂಚಕ್ಕೂ ನಡುವೆ ಎಷ್ಟು ದೂರವೋ ಅಷ್ಟೇ ಅವರ ಊರಾಯಿತು.

ಅವರ ತವರಿನಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದರು. ಆ ಕೆಲಸವನ್ನು ಹಿತ್ತಲಲ್ಲಿ ಶುರು ಮಾಡಿದರು, ನನ್ನನ್ನು ಜೊತೆಗೆ ಕರೆದುಕೊಂಡರು. ಬಣ್ಣಗಳನ್ನು ಮಾತ್ರ ಹಳಗನ್ನಡದ ಪಾಠದಿಂದ ಆರಿಸಿಕೊಂಡರು. ಹಳೆಯ ಕವಿಗಳೆಲ್ಲ ಒಪ್ಪಿಕೊಂಡು ಬಂದ ರೂಢಿಯೊಂದಿದೆ, ಕವಿಸಮಯ ಎನ್ನುತ್ತಾರೆ: ಕೋಪ ಕೆಂಪು, ಪಾಪ ಕಪ್ಪು, ಕೀರ್ತಿ ಬಿಳಿ, ನಗುವೂ ಬಿಳಿ. ಪರೀಕ್ಷೆಗೆಂದು ನಾನು ಉರುಹೊಡೆದದ್ದನ್ನು ಅವರು ಹಂಡೆಯಲ್ಲಿ ಕುದಿಸಿದರು.

ಮಂಜಿಷ್ಠದ ಬೇರು ಕುದಿಸಿದ ನೀರಿನಲ್ಲಿ ಅದ್ದಿ ತೆಗೆದ ಕೆಂಪನ್ನು ನಾನು ಮೆಚ್ಚಿಕೊಂಡರೆ ಅವರು ಮೂಗು ಮುರಿದರು.

"ಇದು ಟೊಮೇಟೊ ಕಣೇ. ಕೋಪ ಅಂದ್ರೆ ಒಳಗೆ ಇಟ್ಕೊಂಡಿದ್ದು. ತುದೀಲಿ ಕಪ್ಪಗೆ ತಿರುಗ್ಬೇಕು."

ತುಕ್ಕು ಕಬ್ಬಿಣಕ್ಕೆ ಬೆಲ್ಲ ಹಾಕಿ ಹುಳಿ ಬರಿಸಿದ ನೀರಿನಲ್ಲಿ ಲಡಿಯ ತುದಿಗಳನ್ನಷ್ಟೇ ಮುಳುಗಿಸಿದರು. ಹೌದು, ಅದು ಕೋಪವೇ ಆಗಿತ್ತು.

ಕಷ್ಟವಾದದ್ದು ಎರಡು ಬಿಳಿಗಳು. "ಕವಿಗಳೇನೋ ಎರಡಕ್ಕೂ ಒಂದೇ ಬಣ್ಣ ಅಂದ್ಬಿಟ್ರು. ನಾವು ನೂಲು ಮಾರೋರು, ಬೇರೆ ಮಾಡ್ಬೇಡ್ವಾ?" ಎಂದು ಒಂದು ವಾರ ತಲೆ ಕೆಡಿಸಿಕೊಂಡರು. ಕೊನೆಗೆ ಒಂದು ಬೆಳಿಗ್ಗೆ ಒಲೆಯ ಮುಂದೆ ನಿಂತು ಹೇಳಿದರು: "ಕೀರ್ತಿ ಸುಣ್ಣ ಹೊಡೆದ ಗೋಡೆ ಥರ ಇರ್ಲಿ. ನಗು ಅಂದ್ರೆ ಹಾಲಿಗೆ ಒಂದು ತೊಟ್ಟು ಡಿಕಾಕ್ಷನ್ ಬಿದ್ದಂಗೆ." ದಾಳಿಂಬೆ ಸಿಪ್ಪೆಯ ನೀರಿನಲ್ಲಿ ಮುಳುಗಿಸಿ ತಕ್ಷಣ ಎತ್ತಿದ ಬಿಳಿ, ಅದೇ ನಗು.

ಆ ನಗುವೇ ನಮ್ಮನ್ನು ಕಟ್ಟಿಹಾಕಿತು. ಮೈಸೂರಿನ ನೂಲಿನ ಅಂಗಡಿಯವರು ಅದೊಂದನ್ನೇ ಕೇಳತೊಡಗಿದರು. ಕೋಪ, ಪಾಪ, ಕೀರ್ತಿ ಎಲ್ಲ ಅಟ್ಟದ ಮೇಲೆ ಉಳಿದವು. ಮನೆಯ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ, ಬಿಳಿ ಬೂದಾಗುತ್ತಿತ್ತು. ನಾನು ಸೈಕಲ್ಲಿಗೆ ಕ್ಯಾನ್ ಕಟ್ಟಿಕೊಂಡು ನಾಲೆಯ ನೀರು ತರಬೇಕು, ಇಬ್ಬರೂ ಸೇರಿ ಹಿಂಡಬೇಕು. ಲೋಟ ಬಡಿದಾಗಲೆಲ್ಲ ಅವರು ಒಳಗೆ ಓಡಬೇಕು. "ದಿನಾ ಬೆಳಗಾದ್ರೆ ನಗು ಬೇಯಿಸ್ತಾ ಕೂತಿದೀನಿ ನೋಡೇ" ಎನ್ನುತ್ತಿದ್ದರು, ನಗದೆ.

ಎರಡು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ನನಗೆ ಮೈಸೂರಿನಲ್ಲಿ ಎಂ.ಎ. ಸೀಟು ಸಿಕ್ಕಿತು. ಅರ್ಜಿ ಹಾಕಿಸಿದವರೂ ಮೇಡಮ್ಮೇ. ಅವ್ವ ಮಾತ್ರ ಒಪ್ಪಲಿಲ್ಲ.

"ಅನ್ನ ಆಕ್ದೋರ ಮನೆ ಕಣವ್ವ. ಆ ಗಂಡ ಅಂಗೆ ಬಿದ್ದವ್ನೆ. ಆಯಮ್ಮನ್ನ ಒಬ್ಳೇ ಬುಟ್ಟು ಎಂಗೆ ಒಂಟೋಯ್ತೀಯೆ?"

ನನಗೂ ಅದೇ ಸರಿ ಎನ್ನಿಸಿತು. ಹೋಗುವುದಿಲ್ಲ ಎಂದು ಮೇಡಂಗೆ ಹೇಳಿದೆ. ಅವರು ನೂಲು ಹಿಂಡುತ್ತಲೇ ಇದ್ದರು.

ಆ ವಾರ ಅಂಗಡಿಯವನು ದೊಡ್ಡ ಆರ್ಡರು ಹಿಡಿದು ಬಂದ.

"ನಗು ಇನ್ಮೇಲೆ ಮಾಡಲ್ಲ" ಎಂದರು ಮೇಡಂ.

"ಏನ್ ಮೇಡಂ ಇದು! ಓಡ್ತಿರೋದೇ ಅದೊಂದು."

"ಅದು ಓಡ್ತದಪ್ಪ. ನಾವಿಬ್ರೂ ಇಲ್ಲೇ ನಿಂತಿದೀವಲ್ಲ."

ಅವನು ಹೋದ ಮೇಲೆ ನನ್ನ ಕಡೆ ತಿರುಗಿದರು. "ಇನ್ನು ನಾಲೆ ನೀರು ಬೇಡ, ಎರಡನೇ ಆಳೂ ಬೇಡ. ನಾಳೆಯಿಂದ ಬರ್ಬೇಡ ನೀನು."

"ನನ್ನ ಓಡಿಸ್ತಿದೀರಾ?"

"ಹೂಂ. ಉಂಡ ಅನ್ನದ ಋಣಕ್ಕೆ ನೀನಿಲ್ಲಿ ಕೂತ್ರೆ, ಇನ್ನೊಂದು ಮಂಚ ಕಾದಂಗೆ ನಂಗೆ." ಒಳಗೆ ಲೋಟ ಬಡಿಯಿತು. ಅವರು ಕೈ ಒರೆಸಿಕೊಂಡು ಹೋದರು.

ಅವ್ವನಿಗೆ ಬೆಂಕಿಯಂಥ ಸಿಟ್ಟು. "ಕೆಲ್ಸ ಮುಗೀತು, ಕತ್ತಿಡ್ದು ತಳ್ಬುಟ್ಳು" ಎಂದು ಊರೆಲ್ಲ ಹೇಳಿಕೊಂಡು ತಿರುಗಿದಳು. ನಾನು ಮೈಸೂರಿನ ಹಾಸ್ಟೆಲ್ ಸೇರಿದೆ.

ರಜೆಯಲ್ಲಿ ನೋಡಲು ಹೋದಾಗ ಹಿತ್ತಲ ತಂತಿಯ ತುಂಬ ಹೊಸ ಬಣ್ಣವೊಂದು ತೂಗುತ್ತಿತ್ತು. ಅಳಲೆಕಾಯಿ ರಸಕ್ಕೆ ಆ ಬೋರ್‌ವೆಲ್ ನೀರನ್ನೇ ಬೆರೆಸಿ ತೆಗೆದದ್ದು. ಬೂದಿಯೂ ಅಲ್ಲ, ಹಸಿರೂ ಅಲ್ಲ, ವರ್ಷಗಟ್ಟಲೆ ಬಾಗಿಲು ತೆರೆಯದ ಕೋಣೆಯ ಗೋಡೆಯ ಹಾಗೆ.

"ಇದು ಯಾವ ಪಾಠದ್ದು ಮೇಡಂ?"

"ಮನೇಲಿ ಸಿಕ್ಕಾಕ್ಕೊಂಡೋರ ಬಣ್ಣ. ಇದಕ್ಕೆ ಕವಿಗಳು ಏನೂ ಹೇಳೇ ಇಲ್ಲ ಕಣೇ. ಗಂಡಸ್ರಲ್ವಾ, ಬೇಜಾರಾದ್ರೆ ಎದ್ದು ಹೊರಗೆ ಹೋಗ್ಬಿಡ್ತಾರೆ."

ಹೇಳಿ ಜೋರಾಗಿ ನಕ್ಕರು. ಆ ಬಣ್ಣವನ್ನು ಯಾರೂ ಕೊಳ್ಳಲಿಲ್ಲ. ಅವರು ಹಾಕುವುದನ್ನು ಬಿಡಲೂ ಇಲ್ಲ.

ಕಳೆದ ವರ್ಷ ಮೇಡಂ ತೀರಿಕೊಂಡರು, ಯಜಮಾನರಿಗಿಂತ ಮೊದಲು. ಯಜಮಾನರನ್ನು ಅವರ ತಮ್ಮನ ಮನೆಗೆ ಕರೆದೊಯ್ಯಲು ಇನ್ನೂ ನಾಲ್ಕು ದಿನವಿತ್ತು. ಅಲ್ಲಿಯವರೆಗೆ ನಾನೇ ನೋಡಿಕೊಳ್ಳುತ್ತೇನೆ ಎಂದು ಮಂಚದ ಪಕ್ಕ ಕೂತೆ. ಹುಣಸೂರಿನ ಕಾಲೇಜಿನಲ್ಲಿ ಆಗ ತಾನೇ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ರಜೆ ಸಿಗುವ ಕೆಲಸವಲ್ಲ, ಗೊತ್ತಿತ್ತು.

ಇಷ್ಟು ವರ್ಷ ಆ ಹೊಸಿಲು ತುಳಿಯದ ಅವ್ವ ಅವತ್ತು ಬಂದಿದ್ದಳು. ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳು, ಬಸ್ಸೈತೆ. ಇವ್ರನ್ನ ನಾ ನೋಡ್ಕತೀನಿ, ಕೂಲಿ ಎಲ್ಲಿಗೂ ಓಡೋಗಕಿಲ್ಲ. ಆಯಮ್ಮ ನಿನ್ನ ಓಡ್ಸಿದ್ದು ಇಲ್ಲಿ ಬಂದು ಕೂರ್ಲಿ ಅಂತ್ಲಾ?"

ಅಳುತ್ತಲೇ ಬಸ್ಸು ಹತ್ತಿದೆ. ಮರುದಿನ ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಬೆಲ್ಲು ಹೊಡೆದಾಗ ನಾನು ತರಗತಿಯಲ್ಲಿದ್ದೆ.